ಬಸ್ಸು ಹೊರಡುವಷ್ಟರಲ್ಲಿ ಫೋಟೋ ಕೊಡುತ್ತಿದ್ದವರು

"ನಿಮ್ಮ ಬಸ್ಸು ಎಷ್ಟೊತ್ತಿಗೆ ಹೊರಡ್ತದೆ?"

ಬೇಲೂರು ದೇವಸ್ಥಾನದ ಅಂಗಳದಲ್ಲಿ ಯಾರ ಫೋಟೋ ತೆಗೆಯುವ ಮುನ್ನವೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಇದು. ಬೇರೆ ಫೋಟೋಗ್ರಾಫರುಗಳು ಆಲ್ಬಮ್ ಹಿಡಿದು ಪ್ರವಾಸಿಗರ ಹಿಂದೆ ಓಡಾಡುತ್ತಿದ್ದರೆ, ಇವರು ಬಸ್ಸಿನ ಹೊತ್ತು ಕೇಳಿ, ಕೈಗಡಿಯಾರ ನೋಡಿ, ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಎಳೆದುಕೊಳ್ಳುತ್ತ ಒಂದು ಗಳಿಗೆ ಯೋಚಿಸುತ್ತಿದ್ದರು. ಆಮೇಲೆ "ಆಯ್ತದೆ, ಬನ್ನಿ" ಅನ್ನುವರು. ಇಲ್ಲದಿದ್ದರೆ, "ಆಗಾಕಿಲ್ಲ ಸಾ, ಸುಮ್ನೆ ನಿಮ್ಮನ್ನ ಕಾಯಿಸ್ಬಾರ್ದು" ಎಂದು ತಾವಾಗಿಯೇ ಬಂದ ಗಿರಾಕಿಯನ್ನು ಸಾಗಹಾಕುವರು. ಆ ಗಿರಾಕಿಯನ್ನು ಪಕ್ಕದಲ್ಲೇ ನಿಂತ ಇನ್ನೊಬ್ಬ ಫೋಟೋಗ್ರಾಫರು ಕರೆದುಕೊಂಡು ಹೋದರೂ ಇವರ ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಹೋದ ತಿಂಗಳು ರಂಗಣ್ಣ ಫೋನು ಮಾಡಿ ತಿಳಿಸಿದರು. ರಂಗಣ್ಣ ಅದೇ ಅಂಗಳದಲ್ಲಿ ಫೋಟೋ ತೆಗೆಯುತ್ತಿದ್ದವರು, ಅವರ ವಾರಿಗೆಯವರು. "ಮಣ್ಣು ಮಾಡಿ ಮೂರು ದಿನ ಆಯ್ತು ಮೇಡಂ, ನಿಮ್ ನಂಬರು ಹುಡುಕೋಷ್ಟ್ರಲ್ಲಿ ತಡ ಆಯ್ತು" ಎಂದರು. ಅವರು ನನಗೆ ಬಂಧುವಲ್ಲ, ಒಂದಕ್ಷರ ಕಲಿಸಿದ ಮೇಷ್ಟ್ರೂ ಅಲ್ಲ. ಎರಡು ವರ್ಷ ಒಂದೇ ಬೀದಿಯಲ್ಲಿ ದುಡಿದವರು, ಅಷ್ಟೆ. ಆದರೂ ಆ ಎರಡು ವರ್ಷದಲ್ಲಿ ಅವರಿಂದ ನನಗಾದದ್ದು ಓದಿನ ಹದಿನೈದು ವರ್ಷದಲ್ಲಿ ಆಗಿರಲಿಲ್ಲ.

ಅವರು ಹಗರೆಯವರು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಅಲ್ಲಿಂದಲೇ ಬಸ್ಸು ಹತ್ತಿ ಬೇಲೂರಿಗೆ ಬರುತ್ತಿದ್ದರು. ಕುಳ್ಳಗಿನ ಆಳು. ಆಗಲೇ ಐವತ್ತು ದಾಟಿತ್ತು. ಒಗೆದೊಗೆದು ಬಣ್ಣ ಹೋದ ಖಾಕಿ ಅಂಗಿಗೆ ನಾಲ್ಕು ಜೇಬು. ಒಂದರಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಮಡಿಸಿದ ಸಣ್ಣ ಟವೆಲ್ಲು. ಬಿಸಿಲಲ್ಲಿ ಬಂದವರಿಗೆ ಮೊದಲು ಟವೆಲ್ಲು ಕೊಟ್ಟು ಮುಖ ಒರೆಸಿಕೊಳ್ಳಲು ಹೇಳುವರು. ಹೆಂಗಸರಿಗಾದರೆ ಸ್ವಲ್ಪ ದೂರ ನಿಂತು, "ಸೆರಗು ಸರಿ ಮಾಡ್ಕಳಿ ತಾಯಿ, ಹೆಂಗ್ ನಿಂತ್ರೂ ಚೆಂದಾಗೇ ಬರ್ತದೆ" ಅನ್ನುವರು. ಓದಿದ್ದು ಏಳನೇ ಕ್ಲಾಸು. ಹಿಂದಿ, ತಮಿಳು, ಮರಾಠಿಗಳಲ್ಲಿ ಫೋಟೋಗೆ ಬೇಕಾದಷ್ಟು ಮಾತು ಬರುತ್ತಿತ್ತು. ಇಂಗ್ಲಿಷಿನಲ್ಲಿ 'ಸ್ಮೈಲ್' ಮತ್ತು 'ನೋ ಹರಿ'.

ರೀಲಿನ ಕಾಲದಲ್ಲಿ ಅಲ್ಲಿಯ ಪದ್ಧತಿ ಬೇರೆ ಇತ್ತಂತೆ. ಫೋಟೋ ತೆಗೆದು, ವಿಳಾಸ ಬರೆದುಕೊಂಡು, ತೊಳೆಸಿ, ಅಂಚೆಯಲ್ಲಿ ಕಳಿಸುವುದು. ಜನ ನಂಬುತ್ತಿರಲಿಲ್ಲ. ನಂಬಿದವರ ಫೋಟೋವನ್ನಾದರೂ ಇವರು ಹೇಗಾದರೂ ಮಾಡಿ ತಲುಪಿಸಲೇಬೇಕು. ಒಮ್ಮೆ ಸೊಲ್ಲಾಪುರದ ಕಡೆಯ ಮುದುಕ ದಂಪತಿಗಳಿಗೆ ಕಳಿಸಿದ ಲಕೋಟೆ ವಿಳಾಸ ಸಿಗದೆ ವಾಪಸು ಬಂತು. ಅಂದಿನಿಂದ ಸೊಲ್ಲಾಪುರದ ಬಸ್ಸು ಬಂದಾಗಲೆಲ್ಲ ಇವರು ಆ ಫೋಟೋ ಹಿಡಿದು ಬಸ್ಸಿನೊಳಗೆ ಹತ್ತಿ, "ಇವ್ರು ಗೊತ್ತಾ?" ಎಂದು ಸೀಟು ಸೀಟಿಗೂ ತೋರಿಸುತ್ತಿದ್ದರು. ಎಂಟು ತಿಂಗಳಾದ ಮೇಲೆ ಒಬ್ಬ ಡ್ರೈವರು ಗುರುತು ಹಿಡಿದು ತೆಗೆದುಕೊಂಡು ಹೋದ. ಆ ಮುದುಕರಿಂದ ಮರಾಠಿಯಲ್ಲಿ ಒಂದು ಕಾಗದ ಬಂತು. ಅದನ್ನು ಓದಿಸಲು ಇವರಿಗೆ ಮತ್ತೊಂದು ಸೊಲ್ಲಾಪುರದ ಬಸ್ಸು ಬರುವವರೆಗೆ ಕಾಯಬೇಕಾಯಿತು.

ನಾನು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯವಳು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬೇಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ದೇವಸ್ಥಾನದ ರಸ್ತೆಯ ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ತಮೂರು ವಯಸ್ಸು. ನನಗೆ ಗೊತ್ತಿಲ್ಲದ್ದು ಕಂಪ್ಯೂಟರಿನಲ್ಲಿ ಏನೂ ಇಲ್ಲವೆಂಬ ಧೈರ್ಯ.

ಒಂದು ಮಧ್ಯಾಹ್ನ ಅವರು ಹೊಸ ಡಿಜಿಟಲ್ ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಇನ್ನು ಅಂಚೆಯ ರಗಳೆ ಇಲ್ಲ, ಬಸ್ಸು ಹೊರಡುವಷ್ಟರಲ್ಲಿ ಫೋಟೋ ಕೈಗೆ ಕೊಡಬೇಕೆಂಬುದು ಅವರ ಆಸೆ. ದೇವಸ್ಥಾನದ ಜಗಲಿಯ ನೆರಳಲ್ಲಿ ನಿಂತವರ ಮುಖ ಫೋಟೋದಲ್ಲಿ ಕಪ್ಪಗೆ ಬೀಳುತ್ತದೆ, ಹಿಂದಿನ ಆಕಾಶ ಬೆಳ್ಳಗೆ ಹೊಡೆಯುತ್ತದೆ. ಅದನ್ನು ತಿದ್ದಿ, ಅಂಚು ಕತ್ತರಿಸಿ, ಅಚ್ಚು ಹಾಕಿಕೊಡಬೇಕು. ನಮ್ಮಲ್ಲಿ ಪ್ರಿಂಟರ್ ಇತ್ತು. ಒಪ್ಪಿಕೊಂಡೆ.

ಮೊದಲ ದಿನವೇ ಸೋತೆವು. ಒಂದೇ ಬಸ್ಸಿನ ಆರು ಸಂಸಾರಗಳ ಫೋಟೋ. ಒಂದನ್ನು ತೆರೆದರೆ ಕಂಪ್ಯೂಟರು ಗಕ್ಕನೆ ನಿಲ್ಲುವುದು, ಮುಖ ಬೆಳ್ಳಗೆ ಮಾಡಿದರೆ ಮತ್ತೆ ನಿಲ್ಲುವುದು. ಅವರು ಕಿಟಕಿಯ ಬಳಿ ನಿಂತು ಒಮ್ಮೆ ಬಸ್ಸನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನಾಲ್ಕು ಫೋಟೋ ಮುಗಿಯುವಷ್ಟರಲ್ಲಿ ಬಸ್ಸು ಹೊರಟೇಹೋಯಿತು.

"ಹಳೇಬೀಡಿಗೆ ಹೋಯ್ತಾರೆ ಈಗ. ಇನ್ನೆರಡೂ ತೆಗೀರಿ ಮೇಡಂ" ಎಂದರು. ಆರನ್ನೂ ಹಿಡಿದು ಮುಂದಿನ ಬಸ್ಸು ಹತ್ತಿದರು. ಹಳೇಬೀಡಿನ ದೇವಸ್ಥಾನದ ಮುಂದೆ ಬಸ್ಸು ಮಾತ್ರ ನಿಂತಿತ್ತು, ಜನ ಇರಲಿಲ್ಲ. ಬಸ್ತಿಹಳ್ಳಿಯ ಬಸದಿ ನೋಡಲು ನಡೆದುಹೋಗಿದ್ದರು. ಇವರೂ ನಡೆದರು. ಬಸದಿಯ ಒಳಗೆ ಕಲ್ಲಿನ ಕಂಬದಲ್ಲಿ ತಮ್ಮ ಮುಖ ನೋಡಿಕೊಂಡು ನಗುತ್ತಿದ್ದ ಆ ಜನರ ಕೈಗೆ ಫೋಟೋ ಕೊಟ್ಟು ಸಂಜೆಗೆ ತಿರುಗಿ ಬಂದರು. ದುಡಿದದ್ದು ಬಸ್ಸಿಗೇ ಹೋಗಿತ್ತು. ಆದರೆ ಬಂದವರೇ ನನ್ನೆದುರು ಕೂತು ಕೇಳಿದ್ದು ಬೇರೆ:

"ಮೇಡಂ, ನಿಮ್ಮಲ್ಲಿ ನಾಕು ಕಂಪ್ಯೂಟರ್ ಐತೆ. ಎಲ್ಲಾ ಒಂದೇ ಥರ ಓಡ್ತವಾ?"

ಇಲ್ಲ ಎಂದೆ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಒಂದು ವ್ಯವಸ್ಥೆ ಇರುತ್ತದೆ, ಅದು ಬೇರೆ ಬೇರೆ ಇರಬಹುದು ಎಂದು ವಿವರಿಸಿದೆ. ನಮ್ಮಲ್ಲಿ ಮೂರರಲ್ಲಿ ವಿಂಡೋಸ್ ಇತ್ತು. ಒಂದಕ್ಕೆ ಕಾಲೇಜಿನ ಲೆಕ್ಚರರೊಬ್ಬರು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಟ್ಟಿದ್ದರು.

"ಯಾವುದು ಬೇಗ?"

"ಲಿನಕ್ಸೇ ಬೇಗ."

"ನೀವು ಹೊತ್ತು ಹಿಡಿದು ನೋಡಿದೀರಾ?"

ನೋಡಿರಲಿಲ್ಲ. ಯಾವುದೋ ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ್ದೆ. ಹಾಗೆಂದೆ. ಅವರು ನಗಲಿಲ್ಲ, ಹಂಗಿಸಲಿಲ್ಲ. "ಅವ್ರು ಅವ್ರ ಫೋಟೋ ಹಾಕಿ ನೋಡಿರ್ತಾರೆ. ನಾವು ನಮ್ಮದು ಹಾಕಿ ನೋಡವಾ" ಎಂದರು.

ಮರುದಿನ ಹೈಸ್ಕೂಲಿನ ಡ್ರಿಲ್ ಮಾಸ್ತರರ ಸ್ಟಾಪ್‌ವಾಚ್ ಅವರ ಕೊರಳಲ್ಲಿತ್ತು. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು.

ಪರೀಕ್ಷೆಗೆ ಆರಿಸಿದ್ದು ಅಂಗಳದ ಗರುಡನ ವಿಗ್ರಹದ ಮುಂದೆ ನಿಂತ ಅಜ್ಜಿ ಮೊಮ್ಮಗಳ ಫೋಟೋ. ಅಜ್ಜಿಯ ಮುಖ ಪೂರ್ತಿ ನೆರಳಿನಲ್ಲಿತ್ತು. ಅವರ ನಿಯಮಗಳು ಒಂದೊಂದಾಗಿ ಹುಟ್ಟಿದವು. ಎರಡು ಕಡೆಯೂ ಒಂದೇ ತಂತ್ರಾಂಶ ಇರಬೇಕು. ಎರಡರಲ್ಲೂ ಓಡುವಂಥ ಬಿಟ್ಟಿ ತಂತ್ರಾಂಶವೊಂದನ್ನು ನಾನು ಹುಡುಕಿದೆ. ಕಂಪ್ಯೂಟರುಗಳು ಒಂದೇ ದಿನ ತಂದ ಜೋಡಿಯಾಗಿರಬೇಕು. ಅಂಥ ಎರಡು ನಮ್ಮಲ್ಲಿದ್ದವು, ಒಂದು ವಿಂಡೋಸಿನದು, ಇನ್ನೊಂದು ಆ ಲಿನಕ್ಸಿನದು. ತೆರೆಯುವುದು, ಮುಖ ಬೆಳ್ಳಗೆ ಮಾಡುವುದು, ಅಂಚು ಕತ್ತರಿಸುವುದು, ಉಳಿಸುವುದು: ಇದೇ ಸಾಲಿನಲ್ಲಿ ಆಗಬೇಕು. ಮೊದಲ ಸಲದ್ದನ್ನು ಬರೆಯುವಂತಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಯಾರೂ ನೆಟ್ಟಗೆ ನಡೆಯಾಕಿಲ್ಲ, ಅದಕ್ಕೂ ಮೈ ಬಿಸಿ ಆಗ್ಲಿ" ಎಂದರು. ಆಮೇಲೆ ಮೂರು ಸಲ ನಾನು, ಮೂರು ಸಲ ಅವರು. ಮೌಸ್ ಹಿಡಿಯಲು ಬರದ ಅವರು ಎರಡು ವಾರ ಕೂತು ಕಲಿತರು. ಪರದೆಯ ಮೇಲಿನ ಬಾಣ ಎಲ್ಲೆಲ್ಲೋ ಓಡುತ್ತಿತ್ತು. ಆದರೆ ಮುಖದ ಮೇಲೆ ಬೆಳಕು ಎಷ್ಟು ಬೇಕು, ಎಲ್ಲಿ ಸಾಕು ಎನ್ನುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅಜ್ಜಿಯ ಮುಖವನ್ನು ಸುಣ್ಣ ಬಳಿದ ಹಾಗೆ ಮಾಡಿದಾಗ, "ಅಜ್ಜಿ ಬಣ್ಣ ಅಜ್ಜಿಗೇ ಇರ್ಲಿ ಮೇಡಂ, ಕಣ್ಣು ಕಂಡ್ರೆ ಸಾಕು" ಎಂದು ತಡೆದರು.

ಅರಸೀಕೆರೆಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡುವ, ಇವೆರಡೂ ಅಲ್ಲದ ಮೂರನೇ ಬಗೆಯ ಹಳೆಯ ಮ್ಯಾಕ್ ಕಂಪ್ಯೂಟರ್ ಇದೆಯೆಂದು ನಾನು ಬಾಯಿ ತಪ್ಪಿ ಹೇಳಿದೆ. ಅದನ್ನೂ ನೋಡಬೇಕೆಂದು ಹಟ ಹಿಡಿದರು. ನಾನು ಊರಿಗೆ ಹೋಗುವ ಭಾನುವಾರ ಜೊತೆಯಲ್ಲೇ ಬಂದರು. ಪ್ರೆಸ್ಸಿನ ಮಾಲೀಕರು ಆ ಕಂಪ್ಯೂಟರಿಗೆ ಜರಿಯಂಚಿನ ಬಟ್ಟೆ ಹೊದಿಸಿದ್ದರು.

"ಇದರ ಮುಂದೆ ಯಾವುದೂ ಇಲ್ಲ ಕಣ್ರೀ" ಎಂದು ಅವರೇ ಕೂತು ಮೂರು ಸಲ ಮಾಡಿ ತೋರಿಸಿದರು. ನಿಜಕ್ಕೂ ಬೇಗ ಆಯಿತು. ಇವರು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು, ಕೆಳಗೆ ಗೆರೆ ಎಳೆದು, 'ತಂತ್ರಾಂಶ ಬೇರೆ, ಕೈ ಬೇರೆ, ಹೋಲಿಸಬಾರದು' ಎಂದು ಸೇರಿಸಿದರು. ಮಾಲೀಕರು ಬಗ್ಗಿ ಓದಿ, "ಏನ್ರೀ ಇದು, ಗೆದ್ದೆ ಅಂತ ಬರೀರಿ!" ಎಂದರು. ಇವರು ಕೈಮುಗಿದು, "ಗೆದ್ದಿರಬೌದು ಸ್ವಾಮಿ, ನಂಗೆ ಗೊತ್ತಿಲ್ಲ" ಎಂದರು.

ನಮ್ಮ ಕೇಂದ್ರದ ಜೋಡಿಯಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ವಿಂಡೋಸಿನಲ್ಲಿ ಒಂದು ಫೋಟೋಗೆ ಹತ್ತಿರ ಹತ್ತಿರ ನಾಲ್ಕು ನಿಮಿಷ. ಲಿನಕ್ಸಿನಲ್ಲಿ ಅದರ ಅರ್ಧವೂ ಇಲ್ಲ.

ಇದು ಬರೀ ನಮ್ಮಿಬ್ಬರ ಆಟವಾಗಿ ಉಳಿಯಲಿಲ್ಲ. ಅಂಗಳದಲ್ಲಿ ಪರವಾನಗಿ ಇದ್ದ ಫೋಟೋಗ್ರಾಫರುಗಳು ಹತ್ತು ಜನ. ಅವರದೊಂದು ಸಂಘ. ಬಾಗಿಲ ಬಳಿ ಒಂದು ಕೋಣೆ ಹಿಡಿದು, ಎರಡು ಕಂಪ್ಯೂಟರು ಹಾಕಿಕೊಂಡು ಎಲ್ಲರೂ ಬಳಸುವುದೆಂದು ಮಾತಾಗಿತ್ತು. ಮಾರ್ಗಶಿರದ ಹೊತ್ತಿಗೆ ಶಾಲಾ ಪ್ರವಾಸಗಳು ಶುರುವಾಗುತ್ತವೆ, ಅಷ್ಟರಲ್ಲಿ ಆಗಬೇಕು. ರಂಗಣ್ಣನ ಭಾಮೈದ ಹಾಸನದಲ್ಲಿ ಕಂಪ್ಯೂಟರ್ ಮಾರುತ್ತಿದ್ದ. ವಿಂಡೋಸ್ ಹಾಕಿದ ಎರಡು ಕೊಡುತ್ತೇನೆ, ಫೋಟೋ ಕೆಲಸಕ್ಕೆ ಅದಕ್ಕಿಂತ ಬೇಗದ್ದು ಸಿಗುವುದಿಲ್ಲ ಎಂದು ಸಂಘಕ್ಕೆ ಹೇಳಿದ್ದ. ಹೆಚ್ಚುಕಡಿಮೆ ಒಪ್ಪಿಗೆಯಾಗಿತ್ತು. ಅಂಥಲ್ಲಿ ಇವರು ಸಭೆಯಲ್ಲಿ ಎದ್ದು ನೋಟ್‌ಬುಕ್ಕು ತೆರೆದು ಓದಿದರು.

"ಎಲ್ಲಾರ ಮುಂದೆ ನನ್ ಭಾಮೈದನ್ನ ಸುಳ್ಳ ಅಂದಂಗಾಯ್ತಲ್ಲೋ" ಎಂದು ರಂಗಣ್ಣ ಎದ್ದರು.

"ಸುಳ್ಳ ಅಂದಿಲ್ಲ ಕಣೋ. ನೋಡಿದ್ದು ಹೇಳಿದೆ."

"ನೋಡಿದ್ದು! ನಿನ್ ಗಡಿಯಾರ ನೀನೇ ಇಟ್ಕ."

ಸಭೆ ಲಿನಕ್ಸಿಗೇ ಕೈಯೆತ್ತಿತು. ರಂಗಣ್ಣ ಸಂಘ ಬಿಟ್ಟು ಹೊರಟುಹೋದರು. ಇಪ್ಪತ್ತು ವರ್ಷ ಒಂದೇ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಂಡ ಇಬ್ಬರು ಮಾತು ಬಿಟ್ಟರು. ಆ ವಾರವೆಲ್ಲ ಇವರು ಗರುಡನ ಕಡೆ ನಿಂತರೆ ರಂಗಣ್ಣ ಗೋಪುರದ ಕಡೆ.

ಅದಾಗಿ ಹತ್ತು ದಿನಕ್ಕೆ ನಾನು ಹಳೆಯ ಫೈಲುಗಳನ್ನು ಅಳಿಸುತ್ತ ಕೂತಿದ್ದೆ. ಲಿನಕ್ಸ್ ಕಂಪ್ಯೂಟರಿನಲ್ಲಿದ್ದ ಅಜ್ಜಿಯ ಫೋಟೋ ಮೇಲೆ ಕಣ್ಣು ಬಿತ್ತು. ಅದರ ಅಳತೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇತ್ತು.

ಕ್ಯಾಮೆರಾದ ಕಾರ್ಡು ಓದುವ ಸಾಧನ ಇದ್ದದ್ದು ವಿಂಡೋಸಿನ ಕಂಪ್ಯೂಟರಿಗೆ ಮಾತ್ರ. ಅಲ್ಲಿಂದ ಲಿನಕ್ಸಿನದಕ್ಕೆ ಫೋಟೋ ಸಾಗಿಸಲು ನಮ್ಮಲ್ಲಿದ್ದದ್ದು ಫ್ಲಾಪಿ. ಪೂರ್ತಿ ಫೋಟೋ ಫ್ಲಾಪಿಗೆ ಹಿಡಿಸಿರಲಿಲ್ಲ. ಪರೀಕ್ಷೆಯ ಮೊದಲ ದಿನ, ಅವರು ಟೀ ತರಲು ಕೆಳಗಿಳಿದಾಗ, ನಾನೇ ಅದನ್ನು ಚಿಕ್ಕದು ಮಾಡಿ ಫ್ಲಾಪಿಗೆ ತುಂಬಿದ್ದೆ. ಆಮೇಲೆ ಅದು ನೆನಪಿಗೇ ಬಂದಿರಲಿಲ್ಲ. ಎಂದರೆ ವಿಂಡೋಸು ಪೂರ್ತಿ ಫೋಟೋ ಹೊತ್ತು ಓಡಿತ್ತು, ಲಿನಕ್ಸು ಅದರ ಕಾಲುಭಾಗದ್ದನ್ನು. ಅರಸೀಕೆರೆಗೆ ಒಯ್ದದ್ದೂ ಅದೇ ಫ್ಲಾಪಿ.

ಎರಡು ದಿನ ಯಾರಿಗೂ ಹೇಳಲಿಲ್ಲ. ಸಂಘ ಆಗಲೇ ಲಿನಕ್ಸಿನ ಒಂದು ಕಂಪ್ಯೂಟರು ಜೋಡಿಸಲು ಹೇಳಿಯಾಗಿತ್ತು. ಲಿನಕ್ಸೇನೂ ಕೆಟ್ಟದ್ದಲ್ಲವಲ್ಲ, ಕೆಲಸವಂತೂ ನಡೆಯುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಅಂಗಳದ ಎರಡು ಮೂಲೆಗಳಲ್ಲಿ ಇಬ್ಬರೂ ಒಬ್ಬೊಬ್ಬರೇ ಕೂತು ಉಣ್ಣುತ್ತಿದ್ದುದು ಕಾಣುತ್ತಿತ್ತು. ಮೂರನೇ ದಿನ ಕೆಳಗಿಳಿದು ಹೋದೆ.

ಅವರು ಒಂದು ಗುಂಪಿನ ಫೋಟೋ ತೆಗೆಯುತ್ತಿದ್ದರು. ಮುಗಿಸಿ ಬಂದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕಟ್ಟೆಯ ಮೇಲೆ ಕೂತರು. ಕಿವಿಯ ಹಾಲೆ ಹಿಡಿದವರು ಬಿಡಲೇ ಇಲ್ಲ.

"ಎಷ್ಟು ಚಿಕ್ಕದು?"

"ಕಾಲುಭಾಗ."

"ಯಾವತ್ತು ಗೊತ್ತಾಯ್ತು?"

"ಮೊನ್ನೆ."

"ಮೊನ್ನೆಯಿಂದ ನೆಟ್ಟಗೆ ಊಟ ಮಾಡಿದೀರಾ?"

ನನಗೆ ಅಳು ಬಂತು. ಅವರು ಜೇಬಿನ ಟವೆಲ್ಲು ತೆಗೆದು ಕೊಟ್ಟು, ನಾನು ಮುಖ ಒರೆಸಿಕೊಳ್ಳುವವರೆಗೆ ಬೇರೆ ಕಡೆ ನೋಡುತ್ತ ಕೂತರು. ಆಮೇಲೆ ಎದ್ದು, "ಬನ್ನಿ" ಎಂದರು. ನೇರ ಗೋಪುರದ ಕಡೆ ನಡೆದರು. ರಂಗಣ್ಣ ನಮ್ಮನ್ನು ನೋಡಿ ಬೆನ್ನು ತಿರುಗಿಸಿದರು. ಇವರು ಆ ಬೆನ್ನಿಗೇ ಹೇಳಿದರು:

"ರಂಗ, ನಾನು ಹೇಳಿದ್ದು ತಪ್ಪಾಗೈತೆ ಕಣೋ. ನಿನ್ ಭಾಮೈದಂಗೆ ಅನ್ಯಾಯ ಆಯ್ತು."

ರಂಗಣ್ಣ ತಿರುಗಿದರು. "ಏನ್ಲಾ, ಊರೆಲ್ಲಾ ಸಾರಿದ ಮೇಲೆ ಈಗ್ ಬಂದು ಹೇಳ್ತೀಯಾ?"

"ಗೊತ್ತಾದದ್ದು ಈಗ. ಅದಕ್ಕೇ ಈಗ್ ಬಂದೆ. ಸಾಯಂಕಾಲ ಎಲ್ಲಾರ್ಗೂ ಹೇಳ್ತೀನಿ. ನಿಂಗೆ ಮೊದ್ಲು ಹೇಳ್ಬೇಕಾಗಿತ್ತು."

ಸಂಜೆ ಎಲ್ಲರೂ ಸೇರಿದಾಗ ನಾನು ಹಿಂದೆ ನಿಂತಿದ್ದೆ. ತಪ್ಪನ್ನು ಅವರೇ ಮೈಮೇಲೆ ಹಾಕಿಕೊಂಡು ನನ್ನನ್ನು ಪಾರು ಮಾಡುತ್ತಾರೆಂದು ಒಳಗೊಳಗೆ ಆಸೆಯಿತ್ತು. ಅವರು ಹಾಗೆ ಮಾಡಲಿಲ್ಲ. "ನಾನು ಅವತ್ತು ಓದಿದ ಲೆಕ್ಕ ತಪ್ಪು. ಎಲ್ಲಿ ತಪ್ಪಿತು ಅಂತ ಕಂಡುಹಿಡಿದೋರು ಮೇಡಂ. ಅವ್ರೇ ಹೇಳ್ತಾರೆ, ಕೇಳಿ" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎನ್ನುವುದು ನನಗೇ ಬಿಟ್ಟದ್ದು. ಕಂಡುಹಿಡಿದೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಹತ್ತು ಜನರ ಮುಂದೆ ಬಂದು ನಿಂತೆ. ಫ್ಲಾಪಿಯಿಂದ ಹಿಡಿದು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದುದರವರೆಗೆ ಎಲ್ಲ ಹೇಳಿದೆ. ಒಬ್ಬರು ಗೊಣಗಿದರು, ಒಬ್ಬರು ನಕ್ಕರು. ನಾನು ಸಾಯಲಿಲ್ಲ. ಆ ಸಂಜೆಗೆ ಮುಂಚೆ ನನಗೆ ಅದು ಗೊತ್ತಿರಲಿಲ್ಲ: ತಪ್ಪನ್ನು ಬಾಯಿಬಿಟ್ಟು ಹೇಳಿದ ಮೇಲೂ ಮನೆಗೆ ಹೋಗಿ ಊಟ ಮಾಡಿ ಮಲಗಬಹುದು ಎಂಬುದು.

ಮರುದಿನ ಅವರು ಅರಸೀಕೆರೆಯ ಪ್ರೆಸ್ಸಿಗೂ ಒಂದು ಅಂಚೆ ಕಾರ್ಡು ಬರೆದು ಹಾಕಿದರು. 'ತಮ್ಮ ಕಂಪ್ಯೂಟರಿನ ಹೊತ್ತು ಬರೆದುಕೊಂಡದ್ದು ಚಿಕ್ಕ ಫೋಟೋದ ಮೇಲೆ. ದಯವಿಟ್ಟು ಯಾರಿಗೂ ಅದನ್ನು ಹೇಳಬಾರದು.' ಮಾಲೀಕರು ಅಷ್ಟರಲ್ಲಿ ಅರ್ಧ ಅರಸೀಕೆರೆಗೆ ಹೇಳಿಬಿಟ್ಟಿದ್ದರಂತೆ. ನಾನು ಮುಂದೆ ಊರಿಗೆ ಹೋದಾಗಲೆಲ್ಲ ಆ ಪ್ರೆಸ್ಸಿನ ಮುಂದೆ ಹಾಯದೆ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದೆ.

ಎರಡನೇ ಪರೀಕ್ಷೆಗೆ ಸ್ಟಾಪ್‌ವಾಚ್ ಹಿಡಿದವರು ರಂಗಣ್ಣ. ಅದು ಇವರದೇ ಸೂಚನೆ. "ಗುಂಡಿ ಒತ್ತೋನು ನನ್ ಮಾತು ನಂಬದೋನೇ ಆಗಿರ್ಬೇಕು" ಎಂದರು. ಪೂರ್ತಿ ಫೋಟೋವನ್ನು ಸಿ.ಡಿ.ಗೆ ಹಾಕಿಸಿಕೊಂಡು ಬಂದದ್ದು ರಂಗಣ್ಣನ ಭಾಮೈದ. ಅವನೂ ಬಂದು ಕೂತ. ಒಂದು ಭಾನುವಾರ ಪೂರ್ತಿ ನಡೆಯಿತು. ಕೊನೆಗೆ ನೋಡಿದರೆ ವಿಂಡೋಸಿಗೂ ಲಿನಕ್ಸಿಗೂ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಒಮ್ಮೆ ಇದು ಮುಂದೆ, ಒಮ್ಮೆ ಅದು ಮುಂದೆ. ಎರಡಕ್ಕೂ ನಾಲ್ಕು ನಿಮಿಷದ ಹತ್ತಿರವೇ ಬೇಕಿತ್ತು. ರಂಗಣ್ಣನಿಗೆ ಸಮಾಧಾನ. ಉಳಿದವರ ಮುಖ ಮಾತ್ರ ಬಾಡಿತು. ಯಾವುದನ್ನು ಕೊಂಡರೂ ಬಸ್ಸು ತಪ್ಪುತ್ತದೆ ಎಂದಾಯಿತಲ್ಲ.

ಇವರು ಮಾತ್ರ ನೋಟ್‌ಬುಕ್ಕಿನ ಹಳೆಯ ಪುಟ ತಿರುವುತ್ತಿದ್ದರು.

"ಮೇಡಂ, ಆ ಚಿಕ್ಕದು ಮಾಡಿದ ಫೋಟೋ ಐತಾ ಇನ್ನೂ?"

"ಇದೆ."

"ಅದನ್ನೊಂದು ಅಚ್ಚು ಹಾಕಿ. ದೊಡ್ಡದನ್ನೂ ಒಂದು ಹಾಕಿ. ಕಾಗ್ದ ಒಂದೇ ಅಳತೆದು."

ನಾವು ಬಸ್ಸಿನವರಿಗೆ ಕೊಡುತ್ತಿದ್ದದ್ದು ಅಂಚೆ ಕಾರ್ಡಿನಗಲದ ಫೋಟೋ. ಎರಡು ಅಚ್ಚನ್ನೂ ಹಿಡಿದು ಅವರು ಮೆಟ್ಟಿಲಿಳಿದು ಬಿಸಿಲಿಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಎರಡನ್ನೂ ಬೆನ್ನ ಹಿಂದೆ ಹಿಡಿದು ಅದಲುಬದಲು ಮಾಡಿ ರಂಗಣ್ಣನ ಮುಂದೆ ಚಾಚಿದರು. "ಯಾವುದು ದೊಡ್ಡದು ಹೇಳು."

ರಂಗಣ್ಣ ಕನ್ನಡಕ ಏರಿಸಿ, ಇಳಿಸಿ, ಅಜ್ಜಿಯ ಕಣ್ಣು ನೋಡಿದರು, ಸೀರೆಯಂಚು ನೋಡಿದರು. "ಇದು" ಎಂದರು. ಅದು ಚಿಕ್ಕ ಫೋಟೋದ ಅಚ್ಚಾಗಿತ್ತು. ಭಾಮೈದನೂ ತಪ್ಪು ಹೇಳಿದ. ಹತ್ತು ಜನರಲ್ಲಿ ಸರಿ ಹೇಳಿದವರೂ ಅಂದಾಜಿನಲ್ಲೇ ಹೇಳಿದ್ದು.

ಅವರು ನನ್ನ ಕಡೆ ತಿರುಗಿ ಬಾಯ್ತುಂಬ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೊಂದೇ ಸಲ ಕಂಡದ್ದು. "ಮೊದ್ಲು ಚಿಕ್ಕದು ಮಾಡೋದು, ಆಮೇಲೆ ತಿದ್ದೋದು. ಅರ್ಧ ಹೊತ್ತು ಸಾಕು, ಯಾವ ಕಂಪ್ಯೂಟರ್ ಆದ್ರೇನು? ನಿಮ್ ತಪ್ಪೇ ದಾರಿ ತೋರಿಸ್ತಲ್ಲ ಮೇಡಂ!"

ಸಂಘದ ಕೋಣೆಗೆ ಕೊನೆಗೆ ಎರಡು ಕಂಪ್ಯೂಟರು ಬಂದವು, ಒಂದು ಹಾಸನದಿಂದ ವಿಂಡೋಸಿನದು, ಇನ್ನೊಂದು ಆಗಲೇ ಜೋಡಿಸಲು ಹೇಳಿದ್ದ ಲಿನಕ್ಸಿನದು. ರಂಗಣ್ಣ ಸಂಘಕ್ಕೆ ಮರಳಿದರು. ಆ ವರ್ಷದ ಪ್ರವಾಸದ ಕಾಲ ಈಗಲೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕಂಡಕ್ಟರ್ ಸೀಟಿ ಊದುತ್ತಿದ್ದ, ಮಕ್ಕಳು ಬಸ್ಸು ಹತ್ತುತ್ತಿದ್ದರು. ಇನ್ನೂ ಹಸಿಯಾಗಿದ್ದ ಫೋಟೋಗಳನ್ನು ಗಾಳಿಗೆ ಬೀಸುತ್ತ ಆ ಕುಳ್ಳ ಮನುಷ್ಯ ಓಡಿಬಂದು ಕಿಟಕಿಗಳಿಗೆ ಒಂದೊಂದಾಗಿ ಕೊಡುತ್ತಿದ್ದರು. ಒಮ್ಮೆ ಒಬ್ಬ ತಾಯಿ ಫೋಟೋ ನೋಡಿ, ಪಕ್ಕದ ಸೀಟಿನವರಿಗೆ ತೋರಿಸಿ, ಮತ್ತೆ ತಾನೇ ಕಸಿದುಕೊಂಡು ಎದೆಗವಚಿಕೊಂಡದ್ದನ್ನು ನಾನು ಮಹಡಿಯಿಂದ ಕಂಡೆ. ಅವರು ಅದನ್ನು ನೋಡಲಿಲ್ಲ. ಆಗಲೇ ಮುಂದಿನ ಕಿಟಕಿಗೆ ಹೋಗಿದ್ದರು.

ಮುಂದೆ ನನಗೆ ಅರಸೀಕೆರೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಬೇಲೂರು ಬಿಟ್ಟೆ. ಕೆಲವು ವರ್ಷಗಳಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು. ಸಂಘದ ಕೋಣೆಗೆ ಬೀಗ ಬಿತ್ತು. ಅವರು ಪರವಾನಗಿ ಹಿಂದಿರುಗಿಸಿ ಹಗರೆಯಲ್ಲಿ ಹಸುಗಳ ಜೊತೆ ಉಳಿದರು. ಅದರ ಬಗ್ಗೆ ಗೋಳಾಡಿದ್ದನ್ನು ನಾನು ಕೇಳಲಿಲ್ಲ. "ಅವ್ರ ಫೋಟೋ ಅವ್ರೇ ತಕ್ಕಂತಾವ್ರೆ. ಬೇಗಾನೂ ಆಯ್ತದೆ, ಚೆಂದಾಗೂ ಬರ್ತದೆ. ಇಲ್ಲ ಅನ್ನಾಕಾಯ್ತದಾ?" ಎಂದಿದ್ದರು.

ಅವರೊಡನೆ ನಾನು ಕೊನೆಯ ಸಲ ಮಾತಾಡಿದ್ದು ಹೋದ ವರ್ಷ. ಅದಕ್ಕೊಂದು ಕಾರಣವಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಬರೆದ ಉತ್ತರವನ್ನು ತಪ್ಪೆಂದು ಹೊಡೆದುಹಾಕಿದ್ದೆ. ಅವಳು ಎದ್ದು ಸರಿ ಇದೆ ಎಂದಾಗ ಎದುರು ಮಾತಾಡಬೇಡ ಎಂದು ಗದರಿ ಕೂರಿಸಿದ್ದೆ. ಭಾನುವಾರ ಮನೆಯಲ್ಲಿ ಪುಸ್ತಕ ತೆಗೆದು ನೋಡಿದರೆ ಅವಳದೇ ಸರಿ. ಸೋಮವಾರ ತರಗತಿಗೆ ಹೋಗಿ, ಹಾಜರಿ ಕೂಗುವ ಮೊದಲೇ, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಸಂಜೆ ಯಾಕೋ ಅವರಿಗೆ ಹೇಳಬೇಕೆನ್ನಿಸಿ ಹಗರೆಗೆ ಫೋನು ಮಾಡಿದೆ.

ಅವರಿಗೆ ಕಿವಿ ಮಂದವಾಗಿತ್ತು. ಎರಡೆರಡು ಸಲ ಹೇಳಬೇಕಾಯಿತು. ಎಲ್ಲ ಕೇಳಿಸಿಕೊಂಡು ಕೇಳಿದರು:

"ಸುಮ್ನೆ ತಪ್ಪಾಯ್ತು ಅಂದ್ರಾ, ಆ ಹುಡ್ಗಿ ಹೆಸ್ರು ಹಿಡಿದು ಹೇಳಿದ್ರಾ?"

"ಹೆಸರು ಹಿಡಿದೇ ಹೇಳಿದೆ. ಅವಳನ್ನೇ ಕರೆದು ಬೋರ್ಡಿನ ಮೇಲೆ ಉತ್ತರ ಬರೆಸಿದೆ."

"ಬರೆದ್ಲಾ?"

"ಬರೆದಳು. ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರೀತು."

ಅವರ ದನಿ ಬಂತು, ಯಾವಾಗಿನಂತೆ ಮೆಲ್ಲಗೆ.

"ಒಳ್ಳೇದಾಯ್ತು ಬಿಡಿ. ಇನ್ಮೇಲೆ ಆ ಮಗೀಗೆ ನಿಮ್ ಮುಂದೆ ಎದ್ದು ನಿಂತು ಮಾತಾಡಾಕೆ ಭಯ ಇರಾಕಿಲ್ಲ."